ಎಂಟು ವರ್ಷದ ಪಾಠ: ಬ್ಯಾಲೆ ತರಗತಿಗಳು ಹುಟ್ಟಿದ ಬಗೆ

ಬ್ಯಾಲೆ ಕಲಿಯಲು ಬಂದ ಮಗುವಿಗೆ ಯಾವ ವಯಸ್ಸಿನಲ್ಲಿ ಏನು ಕಲಿಸಬೇಕು, ಯಾವುದನ್ನು ಇನ್ನೂ ಕಲಿಸಬಾರದು ಎಂಬ ವಿಚಾರ ಆ ನೃತ್ಯಕ್ಕಿಂತ ಬಹಳ ಈಚಿನದು. ಫ್ರಾನ್ಸಿನ ಅರಸ ಹದಿನಾಲ್ಕನೆಯ ಲೂಯಿ 1661ರಲ್ಲಿ ಹದಿಮೂರು ಮಂದಿ ನೃತ್ಯಗುರುಗಳನ್ನು ಕೂಡಿಸಿ ನೃತ್ಯ ಅಕಾಡೆಮಿಯನ್ನು ಸ್ಥಾಪಿಸಿದಾಗ ಅಲ್ಲಿ ಮಕ್ಕಳ ಮಾತೇ ಇರಲಿಲ್ಲ. ಆಸ್ಥಾನದ ಗಣ್ಯರು ಕುಣಿಯುತ್ತಿದ್ದರು, ಅರಸನೂ ಕುಣಿಯುತ್ತಿದ್ದ. ಅರಸನ ನೃತ್ಯಗುರು ಪಿಯೆರ್ ಬೊಶಾಂ ಪಾದಗಳ ಐದು ಸ್ಥಾನಗಳನ್ನು ಗೊತ್ತುಪಡಿಸಿದ. ಇಂದಿಗೂ ಯಾವ ದೇಶದ ಬ್ಯಾಲೆ ಶಾಲೆಗೆ ಹೋದರೂ ಪಾಠ ಆರಂಭವಾಗುವುದು ಇವುಗಳಿಂದಲೇ. ಆದರೆ ಹತ್ತು ವರ್ಷದ ಮಗುವಿಗೆ ಈ ಐದನ್ನು ಯಾವ ಅನುಕ್ರಮದಲ್ಲಿ, ಎಷ್ಟು ನಿಧಾನವಾಗಿ ಕಲಿಸಬೇಕು ಎಂದು ಬರೆದಿಡುವ ಹೊತ್ತಿಗೆ ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ಕಳೆದಿತ್ತು.

ಪ್ಯಾರಿಸ್ ಒಪೆರಾಕ್ಕೆ ಸೇರಿದ ನೃತ್ಯಶಾಲೆ 1713ರಲ್ಲಿ ಶುರುವಾಯಿತು. ಮುಂದೆ ಅಲ್ಲಿ ಕಲಿಯಲು ಬಂದ ಮಕ್ಕಳಲ್ಲಿ ಹಲವರು ಬಡವರ ಮನೆಯವರು. ರಂಗದ ಮೇಲೆ ಗುಂಪಿನಲ್ಲಿ ನಿಂತರೆ ನಾಲ್ಕು ಕಾಸು ಸಿಗುತ್ತದೆ, ಮನೆಗೆ ಆಸರೆಯಾಗುತ್ತದೆ ಎಂದು ತಾಯಂದಿರು ಕರೆತರುತ್ತಿದ್ದರು. ಪ್ಯಾರಿಸ್ಸಿನ ಜನ ಇವರನ್ನು ಒಪೆರಾದ ಪುಟ್ಟ ಇಲಿಗಳು ಎಂದು ಕರೆದರು. ಕಲಾವಿದ ಎಡ್ಗರ್ ದೆಗಾ 1881ರಲ್ಲಿ ಪ್ರದರ್ಶಿಸಿದ ಹದಿನಾಲ್ಕು ವರ್ಷದ ನರ್ತಕಿಯ ಮೇಣದ ಶಿಲ್ಪಕ್ಕೆ ಮಾದರಿಯಾಗಿ ನಿಂತ ಮರೀ ವಾನ್ ಗೋಥೆಮ್ ಅಂಥ ಒಬ್ಬ ಹುಡುಗಿ. ಮರುವರ್ಷವೇ ಒಪೆರಾ ಅವಳನ್ನು ಕೆಲಸದಿಂದ ತೆಗೆದುಹಾಕಿತು. ಅಲ್ಲಿ ಕಲಿಕೆಯೂ ದುಡಿಮೆಯೂ ಒಟ್ಟಿಗೆ ನಡೆಯುತ್ತಿದ್ದುದರಿಂದ, ಮಗುವಿನ ಮೈ ಎಷ್ಟನ್ನು ತಾಳೀತು ಎಂಬ ಪ್ರಶ್ನೆಗಿಂತ ಇವತ್ತಿನ ಆಟಕ್ಕೆ ಎಷ್ಟು ಮಂದಿ ಬೇಕು ಎಂಬ ಪ್ರಶ್ನೆಯೇ ಮುಂದಾಗುತ್ತಿತ್ತು.

ಎಚ್ಚರ ಹೇಳಿದವರು ಅದಕ್ಕೂ ಹಿಂದೆಯೇ ಇದ್ದರು. ಪಾದ ಹೊರಮುಖವಾಗಿ ತೆರೆದುಕೊಳ್ಳುವುದು ಬ್ಯಾಲೆಯ ಮೂಲ ಲಕ್ಷಣ. ಅದು ಸೊಂಟದ ಕೀಲಿನಿಂದ ಬರಬೇಕೇ ಹೊರತು ಮಂಡಿಯನ್ನೋ ಹರಡನ್ನೋ ತಿರುಚಿ ಬರುವಂಥದ್ದಲ್ಲ. ಹದಿನೆಂಟನೆಯ ಶತಮಾನದ ಕೆಲವರು ಕಾಲನ್ನು ಬಲವಂತವಾಗಿ ಹೊರಕ್ಕೆ ತಿರುಗಿಸುವ ಒಂದು ಯಂತ್ರವನ್ನೇ ಬಳಸುತ್ತಿದ್ದರು. ನೃತ್ಯಗುರು ಝಾನ್ ಜಾರ್ಜ್ ನೊವೆರ್ 1760ರಲ್ಲಿ ಪ್ರಕಟಿಸಿದ ನೃತ್ಯಪತ್ರಗಳಲ್ಲಿ ಅದನ್ನು ಖಂಡಿಸಿದ. ಒಬ್ಬೊಬ್ಬರ ಮೈಕಟ್ಟು ಒಂದೊಂದು ಬಗೆ, ಗುರು ಅದನ್ನು ಅರಿತು ಪಾಠ ಹೇಳಬೇಕು ಎಂಬುದು ಅವನ ನಿಲುವು. ಮಿಲಾನಿನ ಕಾರ್ಲೊ ಬ್ಲಾಸಿಸ್ ಇದಕ್ಕೆ ಶಾಲೆಯ ರೂಪ ಕೊಟ್ಟ. 1820ರಲ್ಲಿ ಪಠ್ಯಪುಸ್ತಕ ಬರೆದು, 1837ರಲ್ಲಿ ಲಾ ಸ್ಕಾಲಾ ರಂಗಮಂದಿರದ ನೃತ್ಯಶಾಲೆಯ ಮುಖ್ಯಸ್ಥನಾದ. ಎಂಟು ತುಂಬದ ಮಗುವಿಗೆ ಅಲ್ಲಿ ಪ್ರವೇಶವಿರಲಿಲ್ಲ. ಸೇರಿದವರು ದಿನಕ್ಕೆ ಮೂರು ಗಂಟೆ ನೃತ್ಯ, ಒಂದು ಗಂಟೆ ಮೂಕಾಭಿನಯ ಕಲಿಯಬೇಕಿತ್ತು. ಮುಂದೆ ಯುರೋಪನ್ನೆಲ್ಲ ಬೆರಗುಗೊಳಿಸಿದ ಇಟಲಿಯ ಸುತ್ತು, ಜಿಗಿತಗಳ ಕಸುವು ಹುಟ್ಟಿದ್ದು ಈ ಶಿಸ್ತಿನಲ್ಲಿ.

ವಯಸ್ಸಿಗೆ ತಕ್ಕ ತರಗತಿಗಳ ನಿಜವಾದ ತವರು ಮಾತ್ರ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್. ಅಲ್ಲಿನ ಸೈನಿಕ ಶಾಲೆಯಲ್ಲಿ ನೃತ್ಯ ಹೇಳಿಕೊಡುತ್ತಿದ್ದ ಫ್ರೆಂಚ್ ಗುರು ಝಾನ್ ಬಾಪ್ತಿಸ್ತ್ ಲಾಂದೆ 1737ರಲ್ಲಿ ಸಾಮ್ರಾಜ್ಞಿ ಅನ್ನಾ ಇವಾನೊವ್ನಾಗೆ ಮನವಿ ಸಲ್ಲಿಸಿದ. ಮರುವರ್ಷ ಚಳಿಗಾಲದ ಅರಮನೆಯಲ್ಲೇ ಶಾಲೆ ತೆರೆಯಿತು. ಅರಮನೆಯ ಆಳುಕಾಳುಗಳ ಮಕ್ಕಳಲ್ಲಿ ಹನ್ನೆರಡು ಹುಡುಗರನ್ನೂ ಹನ್ನೆರಡು ಹುಡುಗಿಯರನ್ನೂ ಆರಿಸಿಕೊಂಡರು. ಊಟ, ವಸತಿ, ಪಾಠ ಎಲ್ಲವೂ ಅರಮನೆಯ ಲೆಕ್ಕದಲ್ಲಿ. ಇಂದಿನ ಆಟಕ್ಕೆ ಇಂದೇ ನರ್ತಕರು ಬೇಕೆಂಬ ಒತ್ತಡವಿಲ್ಲದೆ ಮಗುವಿನ ಮೇಲೆ ಏಳೆಂಟು ವರ್ಷ ಖರ್ಚು ಮಾಡಿ ಕಾಯುವ ಸಾಮರ್ಥ್ಯ ಖಾಸಗಿ ರಂಗಮಂದಿರಗಳಿಗೆ ಇರಲಿಲ್ಲ, ಸಾಮ್ರಾಜ್ಯದ ಬೊಕ್ಕಸಕ್ಕಿತ್ತು. ಕ್ರಮಬದ್ಧ ಶಿಕ್ಷಣ ರಷ್ಯಾದಲ್ಲಿ ಬೇರೂರಲು ಇದಕ್ಕಿಂತ ದೊಡ್ಡ ಕಾರಣವನ್ನು ಹುಡುಕಬೇಕಾಗಿಲ್ಲ.

1836ರಲ್ಲಿ ಶಾಲೆ ವಾಸ್ತುಶಿಲ್ಪಿ ಕಾರ್ಲೊ ರೋಸ್ಸಿ ಕಟ್ಟಿದ ಬೀದಿಗೆ ಬಂತು. ಬೀದಿಯ ಉದ್ದ 220 ಮೀಟರ್, ಅಗಲ 22 ಮೀಟರ್, ಇಕ್ಕೆಲದ ಕಟ್ಟಡಗಳ ಎತ್ತರವೂ 22 ಮೀಟರ್. ಆಗ ಅದರ ಹೆಸರು ರಂಗಮಂದಿರದ ಬೀದಿ. ಈಗ ರೋಸ್ಸಿಯದೇ ಹೆಸರು. ಒಳಗೆ ದೊಡ್ಡ ಅಭ್ಯಾಸ ಸಭಾಂಗಣದ ನೆಲವನ್ನು ಮರೀನ್‌ಸ್ಕಿ ರಂಗಮಂದಿರದ ವೇದಿಕೆಯಂತೆಯೇ ಓರೆಯಾಗಿ ಹಾಸಿದ್ದಾರೆ. ಶಾಲೆಯ ಇಳಿಜಾರಿಗೆ ಹೊಂದಿಕೊಂಡ ಕಾಲು ವೇದಿಕೆಯಲ್ಲೂ ತಡವರಿಸದಿರಲಿ ಎಂಬ ಮುಂದಾಲೋಚನೆ ಅದು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಪ್ರವೇಶದ ವಯಸ್ಸು ಸುಮಾರು ಹತ್ತಕ್ಕೆ ನಿಂತಿತ್ತು. ಎಂಟರ ವಯಸ್ಸಿನಲ್ಲಿ ಬಂದ ಅನ್ನಾ ಪಾವ್ಲೊವಾಳನ್ನು ಇನ್ನೂ ಚಿಕ್ಕವಳೆಂದು ಹಿಂದಕ್ಕೆ ಕಳಿಸಿದರು, 1891ರಲ್ಲಿ ಸೇರಿಸಿಕೊಂಡರು, 1899ರಲ್ಲಿ ಅವಳು ಶಿಕ್ಷಣ ಮುಗಿಸಿ ಹೊರಬಂದಳು. 1894ರಲ್ಲಿ ಸೇರಿದ ತಮಾರಾ ಕರ್ಸಾವಿನಾ ತನ್ನ ಆತ್ಮಕಥೆಯಲ್ಲಿ ಆ ದಿನಗಳನ್ನು ವಿವರವಾಗಿ ಬರೆದಿದ್ದಾಳೆ. ಅಲ್ಲಿ ಹುಡುಗಿಯ ಪ್ರಗತಿ ಉಡುಪಿನ ಬಣ್ಣದಲ್ಲೇ ತಿಳಿಯುತ್ತಿತ್ತು: ಸಾಮಾನ್ಯ ವಿದ್ಯಾರ್ಥಿನಿಗೆ ಕಂದು, ಚೆನ್ನಾಗಿ ಕಲಿತವಳಿಗೆ ಗುಲಾಬಿ, ಎಲ್ಲಕ್ಕಿಂತ ಮೇಲಿನವಳಿಗೆ ಬಿಳಿ. ಇಷ್ಟೆಲ್ಲ ಇದ್ದರೂ ಪಾಠದ ಹೂರಣ ಗುರುವಿನ ಮರ್ಜಿಗೆ ಬಿಟ್ಟದ್ದಾಗಿತ್ತು. ಸ್ವೀಡನ್ನಿನಿಂದ ಬಂದ ಕ್ರಿಸ್ಟಿಯನ್ ಯೋಹಾನ್ಸನ್ ಡೆನ್ಮಾರ್ಕಿನಲ್ಲಿ ಕಲಿತ ಹಗುರವಾದ ಫ್ರೆಂಚ್ ಶೈಲಿಯನ್ನು ಹೇಳಿಕೊಡುತ್ತಿದ್ದ. 1892ರಿಂದ ಅದೇ ಶಾಲೆಯಲ್ಲಿ ಕಲಿಸಿದ ಎನ್ರಿಕೊ ಚೆಕೆತ್ತಿ ಇಟಲಿಯ ಬಿಗಿಯಾದ ಕಸರತ್ತನ್ನು ಹೇಳಿಕೊಡುತ್ತಿದ್ದ, ಅದೂ ವಾರದ ಒಂದೊಂದು ದಿನಕ್ಕೆ ಒಂದೊಂದು ಗೊತ್ತಾದ ಪಾಠದಂತೆ. ಕೋಪನ್‌ಹೇಗನ್ನಿನಲ್ಲೂ ಅಲ್ಲಿನ ನೃತ್ಯಗುರು ಬೂರ್ನೊನ್‌ವಿಲ್‌ನ ಪಾಠಗಳನ್ನು ಅವನ ಶಿಷ್ಯಪರಂಪರೆ ಸೋಮವಾರದಿಂದ ಶನಿವಾರದವರೆಗಿನ ಆರು ತರಗತಿಗಳಾಗಿ ಕಟ್ಟಿತ್ತು. ಇವು ವಾರದ ಕ್ರಮಗಳು; ವರ್ಷಗಳ ಕ್ರಮ ಇನ್ನೂ ಯಾರ ಕೈಯಲ್ಲೂ ಪೂರ್ತಿ ಮೂಡಿರಲಿಲ್ಲ.

ಅದನ್ನು ಮೂಡಿಸಿದವಳು ಅಗ್ರಿಪಿನಾ ವಗಾನೊವಾ. 1879ರಲ್ಲಿ ಹುಟ್ಟಿ, ಇದೇ ಶಾಲೆಯಲ್ಲಿ ಕಲಿತು, 1897ರಲ್ಲಿ ಮರೀನ್‌ಸ್ಕಿ ತಂಡ ಸೇರಿದಳು. ಕಿರು ಏಕನೃತ್ಯಗಳಲ್ಲಿ ಅವಳ ಜಿಗಿತಕ್ಕೆ ಸಾಟಿಯಿರಲಿಲ್ಲ. ಆದರೂ ಬಲೆರಿನಾ ಪದವಿ ಸಿಕ್ಕಿದ್ದು 1915ರಲ್ಲಿ, ನಿವೃತ್ತಿಯ ಹಿಂದಿನ ವರ್ಷ. ಬೇರೆ ಬೇರೆ ಗುರುಗಳ ಪಾಠಗಳು ಒಂದಕ್ಕೊಂದು ಹೊಂದದೆ, ತನಗೆ ಯಾವುದು ಏಕೆ ಬರುತ್ತಿಲ್ಲ ಎಂದು ತಾನೇ ಬಿಡಿಸಿ ನೋಡಿಕೊಳ್ಳಬೇಕಾದ ವರ್ಷಗಳು ಅವು. ಗುರುವಾಗಿ ಅವಳಿಗಿದ್ದ ಹಿರಿಮೆಯ ಬೇರು ಇಲ್ಲೇ ಇದೆ: ಸಲೀಸಾಗಿ ಬಂದ ವಿದ್ಯೆಯನ್ನು ಭಾಗಭಾಗವಾಗಿ ಬಿಚ್ಚಿ ನೋಡುವ ಅಗತ್ಯ ಯಾರಿಗೂ ಬೀಳುವುದಿಲ್ಲ.

1917ರ ಕ್ರಾಂತಿಯ ನಂತರ ಬ್ಯಾಲೆ ಅರಸೊತ್ತಿಗೆಯ ಅಲಂಕಾರ, ಅದನ್ನು ಮುಚ್ಚಬೇಕು ಎಂಬ ಕೂಗು ಎದ್ದಿತ್ತು. ಶಿಕ್ಷಣ ಖಾತೆಯ ಹೊಣೆ ಹೊತ್ತಿದ್ದ ಅನಟೋಲಿ ಲುನಚಾರ್ಸ್ಕಿ ಅದನ್ನು ಉಳಿಸಿಕೊಂಡರು. 1921ರಿಂದ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳತೊಡಗಿದ ವಗಾನೊವಾಳ ತರಗತಿಯಿಂದ, ಮುಂದೆ ಹೆಸರಾಂತ ಬಲೆರಿನಾಗಳಾದ ಇಬ್ಬರು, 1925ರಲ್ಲಿ ಮರೀನಾ ಸೆಮ್ಯೊನೊವಾ, 1928ರಲ್ಲಿ ಗಲೀನಾ ಉಲನೊವಾ ಹೊರಬಂದರು. ಕೂಗಿಗೆ ಅದಕ್ಕಿಂತ ಒಳ್ಳೆಯ ಉತ್ತರ ಇರಲಾರದು. ಫ್ರೆಂಚ್ ಶೈಲಿಯ ಮೃದುವಾದ ತೋಳು, ಇಟಲಿಯ ಸ್ಥಿರತೆ ಮತ್ತು ಕಸುವು, ರಷ್ಯಾದ ಭಾವಪೂರ್ಣ ಬೆನ್ನು ಇವನ್ನು ಒಂದು ಮಾಡಿ 1934ರಲ್ಲಿ ಶಾಸ್ತ್ರೀಯ ನೃತ್ಯದ ಮೂಲಪಾಠಗಳ ಬಗ್ಗೆ ಪುಸ್ತಕ ಪ್ರಕಟಿಸಿದಳು. ಪುಸ್ತಕದ ಅಧ್ಯಾಯಗಳು ಚಲನೆಯ ಬಗೆಗಳನ್ನು ಅನುಸರಿಸುತ್ತವೆ. ವರ್ಷವಾರು ಪಠ್ಯಕ್ರಮ ಅವಳೂ ಶಾಲೆಯ ಇತರ ಶಿಕ್ಷಕರೂ ಕೂಡಿ ಬೆಳೆಸಿದ್ದು. ಮುಂದೆ ಅವಳ ಶಿಷ್ಯೆ ವೆರಾ ಕೊಸ್ತ್ರೊವಿತ್ಸ್ಕಯಾ ಅದನ್ನು ಮಾದರಿ ಪಾಠಗಳಾಗಿ ಬರೆದಿಟ್ಟಳು.

ಎಂಟು ವರ್ಷಗಳ ಈ ಕ್ರಮದ ಮೊದಲ ವರ್ಷವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಹತ್ತು ವರ್ಷದ ಮಗು ಗೋಡೆಗೆ ಹಾಕಿದ ಬಾರ್‌ಗೆ ಮುಖ ಮಾಡಿ, ಎರಡೂ ಕೈಯನ್ನು ಅದರ ಮೇಲಿಟ್ಟು ನಿಲ್ಲುತ್ತದೆ. ಒಂದು ಕೈ ಸಾಕು ಎನ್ನುವ ಹಂತ ಆಮೇಲೆ. ಪಾದಗಳ ಸ್ಥಾನಗಳನ್ನು ಕಲಿಸುವುದು ಅಂಕಿಯ ಅನುಕ್ರಮದಲ್ಲಲ್ಲ: ಒಂದು, ಎರಡು, ಮೂರು ಆದ ಮೇಲೆ ಐದು, ನಾಲ್ಕನೆಯದು ಕಟ್ಟಕಡೆಗೆ. ಒಂದು ಪಾದ ಮುಂದೆ, ಇನ್ನೊಂದು ಹಿಂದೆ, ನಡುವೆ ಅಂತರ. ಆ ನಿಲುವಿನಲ್ಲಿ ಸೊಂಟವನ್ನು ನೇರವಾಗಿಟ್ಟು ಭಾರವನ್ನು ಎರಡೂ ಕಾಲಿಗೆ ಹಂಚುವುದು ಮಗುವಿಗೆ ಬಲು ಕಷ್ಟ. ಪ್ಲಿಯೆಯಲ್ಲಿ ಹಿಮ್ಮಡಿ ನೆಲ ಬಿಡದಂತೆ ಮಂಡಿಯನ್ನು ಅರ್ಧ ಮಡಿಸಬೇಕು, ಮಂಡಿ ಕಾಲ್ಬೆರಳಿನ ದಿಕ್ಕಿಗೇ ಹೋಗಬೇಕು. ತಾಂದ್ಯುವಿನಲ್ಲಿ ಪಾದ ನೆಲವನ್ನು ಸವರಿಕೊಂಡೇ ಹೊರಕ್ಕೆ ಚಾಚಿ ಬೆರಳ ತುದಿ ಮಾತ್ರ ತಾಕುವಂತಾಗಬೇಕು; ಅದನ್ನು ಮೊದಲು ಪಕ್ಕಕ್ಕೆ, ಬಳಿಕ ಮುಂದಕ್ಕೆ, ಕೊನೆಗೆ ಹಿಂದಕ್ಕೆ ಕಲಿಸುತ್ತಾರೆ. ಹಿಂದಕ್ಕೆ ಚಾಚಿದ ಕಾಲು ಮಗುವಿನ ಕಣ್ಣಿಗೆ ಕಾಣುವುದಿಲ್ಲ, ಸೊಂಟ ತಿರುಗಿದ್ದೂ ತಿಳಿಯುವುದಿಲ್ಲ. ಅದಕ್ಕೇ ಅದು ಕೊನೆಗೆ. ಸಂಗೀತ ಬೇಸರ ಬರುವಷ್ಟು ನಿಧಾನ. ಈ ನಿಧಾನದಲ್ಲಿ ತೊಡೆಯ ಒಳಗಿನ ಸ್ನಾಯು, ಪಾದದ ಕಮಾನು, ಬೆನ್ನು ಎಲ್ಲವೂ ತಮ್ಮ ತಮ್ಮ ಕೆಲಸ ಅರಿತುಕೊಳ್ಳುತ್ತವೆ.

ಮುಂದಿನ ವರ್ಷಗಳು ಇದರ ಮೇಲೆಯೇ ನಿಂತಿವೆ. ಎರಡನೆಯ ವರ್ಷ ಬಾರ್‌ನ ಅಭ್ಯಾಸಕ್ಕೆ ಅರ್ಧ ತುದಿಗಾಲು ಬರತೊಡಗುತ್ತದೆ, ತಲೆ ಮತ್ತು ಹೆಗಲಿನ ತಿರುವು ಸೇರುತ್ತದೆ. ಮೂರು, ನಾಲ್ಕನೆಯ ವರ್ಷಗಳಲ್ಲಿ ಸುತ್ತುಗಳು, ಗಾಳಿಯಲ್ಲಿ ಕಾಲಿಗೆ ಕಾಲು ತಾಗಿಸುವ ಜಿಗಿತಗಳು. ಅಷ್ಟರಲ್ಲಿ ಮಕ್ಕಳಿಗೆ ಹದಿಮೂರು, ಹದಿನಾಲ್ಕು. ಮೈ ದಿಢೀರನೆ ಬೆಳೆಯುವ ಕಾಲ. ನಿನ್ನೆ ಸರಾಗವಾಗಿದ್ದ ಸಮತೋಲ ಇಂದು ಕೈಕೊಡುತ್ತದೆ. ಅಡಿಪಾಯದ ವರ್ಷಗಳನ್ನು ಇದಕ್ಕೂ ಮೊದಲೇ ಇಟ್ಟದ್ದರ ಜಾಣತನ ಇಲ್ಲಿ ತಿಳಿಯುತ್ತದೆ. ಕೊನೆಯ ಮೂರು ವರ್ಷ ದೊಡ್ಡ ಜಿಗಿತ, ಜೋಡಿನೃತ್ಯ, ಕೌಶಲ ಮತ್ತು ಭಾವಕ್ಕೆ ಮೀಸಲು. ಹುಡುಗಿಯನ್ನು ಎತ್ತಿ ಹಿಡಿಯುವ ಜೋಡಿನೃತ್ಯ ಹುಡುಗನ ಬೆನ್ನು ಗಟ್ಟಿಯಾಗುವವರೆಗೂ ಕಾಯಬೇಕು. ಜೊತೆಗೆ ಪಿಯಾನೊ, ಅಭಿನಯ, ಜಾನಪದ ಮೂಲದ ಕುಣಿತ, ಶಾಲೆಯ ಸಾಮಾನ್ಯ ವಿದ್ಯಾಭ್ಯಾಸ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಶಾಲೆಯನ್ನು ಉರಲ್ ಸೀಮೆಯ ಪೆರ್ಮ್ ಪ್ರದೇಶಕ್ಕೆ ಸಾಗಿಸಿದರು. ಆಗ ಲೆನಿನ್‌ಗ್ರಾಡ್ ಎನಿಸಿಕೊಂಡಿದ್ದ ಪೀಟರ್ಸ್‌ಬರ್ಗಿನ ಗುರುಗಳು ಬಿಟ್ಟುಹೋದ ಜಾಡಿನಲ್ಲೇ ಪೆರ್ಮ್ ನಗರದಲ್ಲಿ 1945ರಲ್ಲಿ ಹೊಸ ಶಾಲೆ ಹುಟ್ಟಿತು. 1951ರಲ್ಲಿ ವಗಾನೊವಾ ತೀರಿಕೊಂಡಳು; ಅದೇ ವರ್ಷ ಅವಳ ಶಿಷ್ಯೆ ವೆರಾ ವೊಲ್ಕೊವಾ ಕೋಪನ್‌ಹೇಗನ್‌ಗೆ ಹೋಗಿ ಅಲ್ಲಿ ಈ ಪದ್ಧತಿಯನ್ನು ಹೇಳಿಕೊಟ್ಟಳು. 1954ರಲ್ಲಿ ಬೀಜಿಂಗ್ ನೃತ್ಯಶಾಲೆ ಸೋವಿಯತ್ ಗುರುಗಳ ನೆರವಿನಿಂದ ತೆರೆಯಿತು. ಲೆನಿನ್‌ಗ್ರಾಡ್ ಶಾಲೆಗೆ 1957ರಲ್ಲಿ ವಗಾನೊವಾಳ ಹೆಸರಿಟ್ಟರು. ನಿಯಮ ಸಡಿಲವಾದ ಉದಾಹರಣೆಯೂ ಅಲ್ಲಿಯದೇ: 1955ರಲ್ಲಿ ಉಫಾ ಪಟ್ಟಣದಿಂದ ಬಂದ ರುಡಾಲ್ಫ್ ನುರೆಯೆವ್‌ಗೆ ಆಗಲೇ ಹದಿನೇಳು. ಗುರು ಅಲೆಕ್ಸಾಂಡರ್ ಪುಷ್ಕಿನ್ ಅವನನ್ನು ತಮ್ಮ ತರಗತಿಗೆ ತೆಗೆದುಕೊಂಡು ಮೂರೇ ವರ್ಷದಲ್ಲಿ ಶಿಕ್ಷಣ ಮುಗಿಸುವಂತೆ ಮಾಡಿದರು.

ಇತ್ತ ಲಂಡನ್ನಿನಲ್ಲಿ ಬೇರೊಂದು ದಾರಿ ತೆರೆದಿತ್ತು. ಬ್ರಿಟನ್ನಿನಲ್ಲಿ ಸರ್ಕಾರಿ ನೃತ್ಯಶಾಲೆಯಿರಲಿಲ್ಲ, ಬೀದಿಬೀದಿಗೆ ಖಾಸಗಿ ನೃತ್ಯಶಿಕ್ಷಕರಿದ್ದರು. ಅವರ ಅರೆಬರೆ ಕಲಿಕೆಯಿಂದ ಮಕ್ಕಳ ಕಾಲು ಕೆಡುತ್ತಿದೆ ಎಂಬ ಕಳವಳದಿಂದ ನೃತ್ಯಪತ್ರಿಕೆಯೊಂದರ ಸಂಪಾದಕ ಫಿಲಿಪ್ ರಿಚರ್ಡ್‌ಸನ್, ನರ್ತಕಿ ಅಡಲೀನ್ ಜೆನೆ, ನೃತ್ಯಗುರು ಎದುವಾರ್ ಎಸ್ಪಿನೋಸಾ, ಜೊತೆಗೆ ಪೀಟರ್ಸ್‌ಬರ್ಗಿನಿಂದ ಬಂದಿದ್ದ ಕರ್ಸಾವಿನಾ ಮುಂತಾದವರು ಕೂಡಿ 1920ರ ಡಿಸೆಂಬರ್ 31ರಂದು ಶಿಕ್ಷಕರ ಸಂಘವೊಂದನ್ನು ಕಟ್ಟಿದರು. ಅದೇ ಇಂದಿನ ರಾಯಲ್ ಅಕಾಡೆಮಿ ಆಫ್ ಡಾನ್ಸ್. ಮೊದಲು ಶಿಕ್ಷಕರಿಗೆ ಪರೀಕ್ಷೆ, ನಂತರ ಮಕ್ಕಳಿಗೆ ಗ್ರೇಡ್ ಪರೀಕ್ಷೆಗಳು. ಕರ್ನಾಟಕದಲ್ಲಿ ಭರತನಾಟ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನು ಬಲ್ಲವರಿಗೆ ಈ ಏರ್ಪಾಟು ಕೂಡಲೇ ಅರ್ಥವಾದೀತು: ಪಾಠ ಹೇಳುವ ಗುರು ಒಬ್ಬರು, ಅಳೆಯುವವರು ಮತ್ತೊಬ್ಬರು. ಒಂದರಿಂದ ಎಂಟರವರೆಗಿನ ಗ್ರೇಡ್‌ಗಳು ಸಂತೋಷಕ್ಕಾಗಿ ಕಲಿಯುವ ಮಕ್ಕಳಿಗೂ ತೆರೆದಿವೆ. ನರ್ತಕರಾಗಬೇಕೆನ್ನುವವರಿಗೆ ಬೇರೆಯೇ ಮೆಟ್ಟಿಲುಗಳಿವೆ. ಅವುಗಳಲ್ಲಿ ಮೊದಲನೆಯದಕ್ಕೆ ಕೂರಲು ಕನಿಷ್ಠ ಹನ್ನೊಂದು ವರ್ಷವಾಗಿರಬೇಕು. ವೃತ್ತಿಗೆ ಬರದ ಮಗುವಿಗೂ ಸರಿಯಾದ ಪಾಠದ ಹಕ್ಕಿದೆ ಎಂದು ಒಪ್ಪಿದ್ದು ಲಂಡನ್ನಿನ ದೊಡ್ಡ ಕೊಡುಗೆ.

ಎರಡು ದಾರಿಗಳ ನಡುವೆ ಇಂದಿಗೂ ಭಿನ್ನಾಭಿಪ್ರಾಯ ಉಳಿದಿರುವುದು ಪಾಯಿಂಟ್ ಶೂ ವಿಚಾರದಲ್ಲಿ. ಬೆರಳ ತುದಿಯ ಮೇಲೆ ಇಡೀ ಮೈಭಾರ ಹೊರುವಾಗ ಪಾದದ ಎಲುಬುಗಳು ಇನ್ನೂ ಬೆಳೆಯುತ್ತಲೇ ಇರುತ್ತವೆ. ಪೀಟರ್ಸ್‌ಬರ್ಗಿನ ಪಠ್ಯಕ್ರಮದಲ್ಲಿ ಮೊದಲ ವರ್ಷದಲ್ಲೇ ಅದು ಬರುತ್ತದೆ, ಆದರೆ ಬಾರ್‌ಗೆ ಮುಖ ಮಾಡಿ, ಎರಡೂ ಕೈಯಲ್ಲಿ ಹಿಡಿದು, ಎರಡೂ ಕಾಲ ಮೇಲೆ, ಕೆಲವೇ ನಿಮಿಷ. ಅಲ್ಲಿನ ಮಕ್ಕಳು ಪ್ರವೇಶದಲ್ಲೇ ಆರಿಸಿ ಬಂದವರು, ದಿನವೂ ಪಾಠವಿರುವವರು. ವಾರಕ್ಕೆ ಒಂದೆರಡು ತರಗತಿಗೆ ಬರುವ ಮಗುವಿಗೆ ಅದೇ ವಯಸ್ಸಿನಲ್ಲಿ ಅದೇ ಪಾಠ ಅಪಾಯ. ಹಾಗಾಗಿ ಬ್ರಿಟನ್, ಅಮೆರಿಕಗಳ ಶಿಕ್ಷಕರು ಸಾಮಾನ್ಯವಾಗಿ ಹನ್ನೊಂದು, ಹನ್ನೆರಡರವರೆಗೆ ಕಾಯುತ್ತಾರೆ. ಆಗಲೂ ವಯಸ್ಸನ್ನಷ್ಟೇ ನೋಡದೆ, ಒಂಟಿ ಕಾಲಲ್ಲಿ ಅರ್ಧ ತುದಿಗಾಲಿಗೆ ಅಲುಗದೆ ಏರಬಲ್ಲಳೇ, ಹರಡು ಒಳಕ್ಕೋ ಹೊರಕ್ಕೋ ವಾಲುತ್ತದೆಯೇ, ಹೊಟ್ಟೆ ಬೆನ್ನಿನ ಸ್ನಾಯು ಮೈಯನ್ನು ನೇರ ಹಿಡಿಯುತ್ತವೆಯೇ ಎಂದು ಪರೀಕ್ಷಿಸಿ ನೋಡಿ ಶೂ ಕೊಡುತ್ತಾರೆ. ಈ ಶತಮಾನದ ಆರಂಭದ ದಶಕದಲ್ಲಿ ಅಮೆರಿಕನ್ ಬ್ಯಾಲೆ ಥಿಯೇಟರ್ ತನ್ನ ಪಠ್ಯಕ್ರಮವನ್ನು ಸಿದ್ಧಪಡಿಸುವಾಗ ನೃತ್ಯಗುರುಗಳ ಜೊತೆ ವೈದ್ಯರನ್ನೂ ಕೂರಿಸಿಕೊಂಡಿತು.