ಕರಿ ಉಣ್ಣೆಯ ಲೆಕ್ಕ: ಚಳ್ಳಕೆರೆಯ ಕುರಿ ಹಟ್ಟಿಯಲ್ಲಿ ಕೇಳಿದ ಇನ್ನೂರು ವರ್ಷದ ಕಥೆ

(ಪಾಡ್‌ಕಾಸ್ಟ್ ಕಂತಿನ ಅಕ್ಷರ ರೂಪ)

ಇವತ್ತಿನ ಕಂತಿನಲ್ಲಿ ಕೋಟೆ ಇಲ್ಲ, ಯುದ್ಧ ಇಲ್ಲ. ಇರೋದು ಒಂದು ಕರಿ ಕಂಬಳಿ. ರಾಜಕಾರಣಿಗಳು ವೇದಿಕೆ ಹತ್ತಿದ ಕೂಡಲೇ ಅವರ ಹೆಗಲ ಮೇಲೆ ಬೀಳುತ್ತಲ್ಲ, ಅದೇ ಕಂಬಳಿ. ಅದನ್ನು ಹೊದ್ದವರ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಚರ್ಚೆ ಆಗುತ್ತೆ. ಆದರೆ ಅದರ ಉಣ್ಣೆ ಯಾವ ಕುರಿಯದ್ದು, ಆ ಕುರಿ ಈಗ ಎಲ್ಲಿದೆ, ಅದನ್ನು ಸಾಕಿದವನಿಗೆ ಉಣ್ಣೆಯಿಂದ ಎಷ್ಟು ಸಿಗುತ್ತೆ? ಇದನ್ನು ತಿಳಿಯೋಕೆ ನಾನು ಎರಡು ದಿನ ಚಳ್ಳಕೆರೆ ತಾಲ್ಲೂಕಿನಲ್ಲಿ ಓಡಾಡಿದೆ. ಕುರಿ ಹಟ್ಟಿಗಳಿಗೆ ಹೋದೆ, ಮಗ್ಗದ ಮನೆಗಳಿಗೆ ಹೋದೆ. ನಾನು ಓದಿದ್ದು ಬಿ.ಕಾಂ., ಇತಿಹಾಸ ಅಲ್ಲ. ಹಾಗಾಗಿ ಎಲ್ಲಿ ಹೋದರೂ ಮೊದಲು ಲೆಕ್ಕ ಕೇಳೋ ಅಭ್ಯಾಸ. ಈ ಸಲ ಲೆಕ್ಕದಿಂದಲೇ ಇತಿಹಾಸದ ಬಾಗಿಲು ತೆರೀತು.

ಮೊದಲು ಕುರಿಯ ಪರಿಚಯ. ಇದು ಡೆಕ್ಕನಿ, ನಮ್ಮ ದಖ್ಖನ್ ಪ್ರಸ್ಥಭೂಮಿಯ ಕುರಿ. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣದ ಒಣ ಸೀಮೆಯಲ್ಲಿ ಇದರ ಓಡಾಟ. ಹೆಚ್ಚಿನವು ಕಪ್ಪು, ಕೆಲವು ಬಿಳಿ, ಕೆಲವು ಬೂದು. ಹತ್ತಿರ ಹೋಗಿ ಬೆನ್ನ ಮೇಲೆ ಕೈಯಿಟ್ಟರೆ ಮೆತ್ತಗಿರಲ್ಲ, ಒರಟು. ಮೇಲೆ ಧೂಳು, ಮುಳ್ಳು. ಬೆರಳಿಂದ ಬಿಡಿಸಿ ಒಳಗೆ ನೋಡಿದರೆ ಸ್ವಲ್ಪ ಜಿಡ್ಡು. ಈ ಜಿಡ್ಡು, ಈ ಒರಟುತನವೇ ಅದಕ್ಕೆ ಛತ್ರಿ. ಬಿಸಿಲು, ಮಳೆ, ಕಲ್ಲು, ಜಾಲಿ ಮುಳ್ಳು ಎಲ್ಲವನ್ನೂ ತಡ್ಕೊಂಡು ಮೈಲಿಗಟ್ಟಲೆ ನಡೆಯೋ ಪ್ರಾಣಿ ಇದು.

ಹಟ್ಟಿಯಲ್ಲಿದ್ದ ಹಿರಿಯ ಕುರಿಗಾಹಿ ಒಬ್ಬರಿಗೆ ನನ್ನ ಮೊದಲ ಪ್ರಶ್ನೆ: "ಅಜ್ಜಾ, ಉಣ್ಣೆಯಿಂದ ವರ್ಷಕ್ಕೆ ಎಷ್ಟು ಬರುತ್ತೆ?" ಅವರು ನಕ್ಕರು. "ಬರಾದಲ್ಲ ಕಣಪ್ಪ, ಹೋಗಾದು. ಕತ್ತರ್ಸೋರಿಗೆ ನಾವೇ ಕೂಲಿ ಕೊಡ್ಬೇಕು. ಉಣ್ಣೆ ಮಾರಿದ್ರೆ ಆ ಕೂಲಿನೂ ಹುಟ್ಟಲ್ಲ." ಹಾಗಾದರೆ ಕತ್ತರಿಸೋದನ್ನೇ ಬಿಡಬಹುದಲ್ಲ ಅಂದೆ. "ಬಿಟ್ರೆ ಉಣ್ಣೆ ಒಳಗೆ ಉಣ್ಣೆಹುಳ ಕೂರ್ತಾವೆ, ಮಳೆ ಬಂದ್ರೆ ನೆಂದು ಭಾರ ಆಗ್ತೈತೆ, ಕುರಿ ಸೊರಗ್ತೈತೆ" ಅಂದರು.

ಅಂದರೆ ವರ್ಷಕ್ಕೆ ಎರಡು ಸಲ ಕತ್ತರಿ ಹಾಕಲೇಬೇಕು, ಹಾಕಿದ್ದಕ್ಕೆ ಕೈಯಿಂದ ದುಡ್ಡು ಹೋಗುತ್ತೆ. ಇವತ್ತು ಕುರಿಗಾಹಿಯ ಸಂಸಾರ ನಡೆಯೋದು ಮರಿ ಮಾರಿ, ಟಗರು ಮಾರಿ, ಮತ್ತೆ ಸುಗ್ಗಿ ಮುಗಿದ ಹೊಲಗಳಲ್ಲಿ ರಾತ್ರಿ ಕುರಿ ಮಂದೆ ನಿಲ್ಲಿಸಿ. ಮಂದೆ ನಿಂತ ಹೊಲಕ್ಕೆ ಗೊಬ್ಬರ, ಕುರಿಗಾಹಿಗೆ ಕಾಳೋ ಕಾಸೋ.

ಕಾಮರ್ಸ್ ಓದಿದವರಿಗೆ ಗೊತ್ತಿರುತ್ತೆ, ಕಾಸ್ಟ್ ಅಕೌಂಟಿಂಗ್‌ನಲ್ಲಿ ಒಂದು ಪಾಠ ಇದೆ. ಒಂದೇ ಕಚ್ಚಾ ವಸ್ತುವಿನಿಂದ ಎರಡು ಬೆಲೆಬಾಳುವ ವಸ್ತು ಬಂದರೆ ಅವು ಜಾಯಿಂಟ್ ಪ್ರಾಡಕ್ಟ್. ಒಂದರ ಬೆಲೆ ತೀರಾ ಕಡಿಮೆಯಾದರೆ ಅದು ಬೈ-ಪ್ರಾಡಕ್ಟ್. ಬೆಲೆಯೇ ಇಲ್ಲದಿದ್ದರೆ ವೇಸ್ಟ್. ಡೆಕ್ಕನಿ ಉಣ್ಣೆ ಈ ಮೂರೂ ಮೆಟ್ಟಿಲು ಇಳಿದಿದೆ. ಹೇಗೆ ಇಳೀತು ಅನ್ನೋದೇ ಇವತ್ತಿನ ಕಥೆ.

ಉಣ್ಣೆಯೇ ಹೆಸರಾಗಿದ್ದ ಕಾಲ

ಕುರುಬ ಸಮುದಾಯದಲ್ಲಿ ಎರಡು ಮುಖ್ಯ ಒಳಪಂಗಡಗಳಿವೆ: ಉಣ್ಣೆ ಕಂಕಣ, ಹತ್ತಿ ಕಂಕಣ. ಮದುವೆಯಲ್ಲಿ ಕೈಗೆ ಕಟ್ಟೋ ಕಂಕಣ ಉಣ್ಣೆ ದಾರದ್ದೋ ಹತ್ತಿ ದಾರದ್ದೋ ಅನ್ನೋದರ ಮೇಲೆ ಬಂದ ಹೆಸರು. ಒಂದು ನೂಲು ಜನರ ಗುರುತೇ ಆಗಬೇಕಾದರೆ ಬದುಕಿನಲ್ಲಿ ಅದರ ಜಾಗ ಎಷ್ಟು ದೊಡ್ಡದಿತ್ತು ಯೋಚಿಸಿ. ಮೈಲಾರಲಿಂಗನ ಗೊರವಯ್ಯ ತೊಡೋದು ಕಪ್ಪು ಕಂಬಳಿ. ದೇವರ ಕೆಲಸಕ್ಕೆ ಗದ್ದಿಗೆ ಹಾಕೋದು ಕಂಬಳಿ ಮೇಲೆ. ಕಂಬಳಿ ಮೇಲೆ ಕೂತು ಉಣ್ಣುತ್ತಾ ಕೂದಲು ಬಂತು ಅಂದರೆ ಹೇಗೆ ಅನ್ನೋ ಮಾತು ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಓಡಾಡುತ್ತೆ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಈ ಸೀಮೆಯಲ್ಲಿ ಏನೇನು ಬೆಳೆಯುತ್ತೆ, ಏನೇನು ತಯಾರಾಗುತ್ತೆ ಅಂತ ಪಟ್ಟಿ ಮಾಡೋಕೆ ಬ್ರಿಟಿಷರು ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯನನ್ನು ಕಳಿಸಿದರು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿ ಅವನು ಬರೆದ ಪ್ರವಾಸ ಕಥನ 1807ರಲ್ಲಿ ಅಚ್ಚಾಯಿತು. ಅದರಲ್ಲಿ ಕುರುಬರೂ ಇದ್ದಾರೆ, ಕಂಬಳಿಯೂ ಇದೆ. ಕುರಿ ಸಾಕೋದು, ಉಣ್ಣೆ ತೆಗೆಯೋದು, ಕಂಬಳಿ ನೇಯೋದು ಒಂದೇ ಜನರ ಕೈಯಲ್ಲಿದ್ದ ಕಾಲ ಅದು.

ನಾನು ನೋಡಿದ ಮಗ್ಗದ ಮನೆಗಳಲ್ಲಿ ಆ ಕೆಲಸ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಉಣ್ಣೆಯನ್ನು ಬಣ್ಣದ ಪ್ರಕಾರ ಬೇರೆ ಮಾಡಿ, ಕಸ ತೆಗೆದು, ಬಿಲ್ಲಿನ ಹಗ್ಗದಿಂದ ಮೀಟಿ ಹಿಂಜುತ್ತಾರೆ. ನೂಲೋದು ಹೆಣ್ಣುಮಕ್ಕಳು, ಚರಕದಲ್ಲಿ. ಹಾಸು ನೂಲನ್ನು ಬೀದಿಯುದ್ದಕ್ಕೆ ಎಳೆದು ಕಟ್ಟಿ, ಹುಣಸೆ ಬೀಜದ ಗಂಜಿಯನ್ನು ದೊಡ್ಡ ಕುಂಚದಿಂದ ಹಚ್ಚಿ ಒಣಗಿಸುತ್ತಾರೆ. ಆಮೇಲೆ ನೆಲದಲ್ಲಿ ಗುಂಡಿ ತೋಡಿ ಕೂರಿಸಿದ ಮಗ್ಗದಲ್ಲಿ ನೇಯ್ಗೆ. ಬಣ್ಣ ಹಾಕೋ ಮಾತೇ ಇಲ್ಲ, ಕುರಿಯ ಬಣ್ಣವೇ ಕಂಬಳಿಯ ಬಣ್ಣ. ನೂಲುತ್ತಿದ್ದ ಅಕ್ಕ ಒಬ್ಬರನ್ನು "ದಿನಕ್ಕೆಷ್ಟು ನೂಲ್ತೀರಿ?" ಅಂತ ಕೇಳಿದೆ. "ಎಷ್ಟು ಅಂತ ಹೇಳ್ಲಪ್ಪ, ಅಡುಗೆ ಮಾಡಿ, ದನ ಕಟ್ಟಿ, ನಡುವೆ ಬಿಡುವಾದಾಗ ನೂಲಾದು" ಅಂದರು. ಕಂಬಳಿಯ ಬೆಲೆಯಲ್ಲಿ ಯಾವತ್ತೂ ಲೆಕ್ಕಕ್ಕೆ ಬಾರದ ಕೂಲಿ ಅದು.

ಮೆರಿನೊ ಬಂದ ಕಥೆ

ಡೆಕ್ಕನಿ ಉಣ್ಣೆಯ ಎಳೆ ದಪ್ಪ, 40 ಮೈಕ್ರಾನ್‌ಗೂ ಹೆಚ್ಚು. ಸ್ಪೇನ್ ಮೂಲದ ಮೆರಿನೊ ಕುರಿಯ ಎಳೆ 20 ಮೈಕ್ರಾನ್ ಆಸುಪಾಸು. ಒಂದು ಡೆಕ್ಕನಿ ಕುರಿ ವರ್ಷಕ್ಕೆ ಕೊಡೋ ಉಣ್ಣೆ ಒಂದು ಕಿಲೋ ಕೂಡ ಆಗಲ್ಲ, ಮೆರಿನೊ ಅದರ ಹಲವು ಪಟ್ಟು ಕೊಡುತ್ತೆ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಮಿಲ್ಲುಗಳಿಗೆ ಬೇಕಾಗಿದ್ದು ಆ ನುಣುಪಾದ ಎಳೆ. ಆಸ್ಟ್ರೇಲಿಯಾ ಶ್ರೀಮಂತವಾಗಿದ್ದೇ ಆ ಕುರಿಯ ಬೆನ್ನ ಮೇಲೆ.

ಇದನ್ನು ನೋಡಿದ ಅಧಿಕಾರಿಗಳಿಗೆ ನಮ್ಮ ಕುರಿಯಲ್ಲಿ ಕೊರತೆ ಕಂಡಿದ್ದು ಸಹಜ. 1834ರಿಂದ 1861ರವರೆಗೆ ಮೈಸೂರು ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್, ಹೌದು, ನಮ್ಮ ಕಬ್ಬನ್ ಪಾರ್ಕಿನ ಕಬ್ಬನ್, ಮೆರಿನೊ ಟಗರು ತರಿಸಿ ಇಲ್ಲಿನ ಕುರಿಗಳ ಜೊತೆ ತಳಿ ಬೆರೆಸೋ ಪ್ರಯೋಗಕ್ಕೆ ಕೈಹಾಕಿದರು. ಪ್ರಯೋಗ ನಡೀತು, ಆದರೆ ನಾಡಿನ ಕುರಿ ಬದಲಾಗಲಿಲ್ಲ. ಸ್ವಾತಂತ್ರ್ಯದ ನಂತರ ಮೆರಿನೊ, ರಾಂಬೂಲೆ ತಳಿಗಳೊಂದಿಗೆ ನಮ್ಮದೇ ಸರ್ಕಾರಗಳು ಅದೇ ಪ್ರಯತ್ನ ಮಾಡಿದವು. 1962ರಲ್ಲಿ ರಾಜಸ್ಥಾನದ ಅವಿಕಾನಗರದಲ್ಲಿ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಶುರುವಾಯಿತು. ಆ ದಶಕಗಳಲ್ಲಿ ದೇಶದ ಉದ್ದಗಲಕ್ಕೂ ಇದ್ದ ಗುರಿ ಒಂದೇ: ನುಣುಪು ಉಣ್ಣೆ.

ಹಟ್ಟಿಯಲ್ಲಿ ನಿಂತು ನೋಡಿದರೆ ಈ ಗುರಿಯ ತೊಡಕು ತಾನಾಗಿ ಅರ್ಥ ಆಗುತ್ತೆ. ಹೊರಗಿನಿಂದ ಬಂದ ಕುರಿಗೆ ಬಯಲುಸೀಮೆಯ ಬಿಸಿಲು, ಬರ, ದಿನವಿಡೀ ನಡಿಗೆ ಹೇಗೆ ಒಗ್ಗಬೇಕು? ಅಲ್ಲದೆ ಕಂಬಳಿಗೆ ನುಣುಪು ಎಳೆ ಬೇಕಾಗೇ ಇರಲಿಲ್ಲ. ಕಂಬಳಿ ಅಂದರೆ ಕುರಿಗಾಹಿಯ ರಾತ್ರಿ ಹಾಸಿಗೆ, ಹಗಲಿನ ಛತ್ರಿ, ಕಾಳು ಕಟ್ಟೋ ಗಂಟು. ಮಲೆನಾಡಿನ ಗದ್ದೆ ತೋಟಗಳಲ್ಲಿ ಮಳೆಗಾಲಕ್ಕೆ ತಲೆ ಮೇಲೆ ಹಾಕ್ಕೊಳ್ಳೋ ಕೊಪ್ಪೆ. ಈ ಕೆಲಸಕ್ಕೆಲ್ಲ ಒರಟು ಎಳೆಯೇ ಸರಿ. ಅಂಗಿ ಬಟ್ಟೆ ಅಳೆಯೋ ಗಜಕೋಲಿನಿಂದ ನಾವು ಕಂಬಳಿಯನ್ನು ಅಳೆದು, ಇದು ಕಳಪೆ ಅಂತ ಕಾಗದದ ಮೇಲೆ ಬರೆದುಬಿಟ್ಟೆವು.

ಹಾಗಂತ ಮಿಲ್ಲು ಬಂದ ಕೂಡಲೇ ಕಂಬಳಿ ಸಾಯಲಿಲ್ಲ. 1884ರಲ್ಲಿ ಬೆಂಗಳೂರಿನಲ್ಲಿ ಉಣ್ಣೆ, ಹತ್ತಿ, ರೇಷ್ಮೆ ಮಿಲ್ಲು ಶುರುವಾಯಿತು. ನಮ್ಮ ತಾತಂದಿರು ಬಿನ್ನಿ ಮಿಲ್ಲು ಅಂತಿದ್ದರಲ್ಲ, ಅದೇ. ಅದು ಸೈನ್ಯಕ್ಕೆ ಬಟ್ಟೆ ಒದಗಿಸುತ್ತಿದ್ದಾಗಲೂ ಬಯಲುಸೀಮೆಯ ಗುಂಡಿ ಮಗ್ಗಗಳು ಲಟಲಟ ಅನ್ನುತ್ತಲೇ ಇದ್ದವು. ಸ್ವಾತಂತ್ರ್ಯದ ನಂತರ ನೇಕಾರರ ಸಹಕಾರ ಸಂಘಗಳು ಬಂದವು. ಹಾಸ್ಟೆಲ್ಲು, ಆಸ್ಪತ್ರೆ, ಜೈಲುಗಳಿಗೆ ಸರ್ಕಾರ ಕಂಬಳಿ ಕೊಂಡರೆ ಮಗ್ಗಕ್ಕೆ ವರ್ಷವಿಡೀ ಕೆಲಸ.

ಪೆಟ್ಟು ಬಿದ್ದಿದ್ದು ಆಮೇಲೆ, ಎರಡು ಕಡೆಯಿಂದ. ಹಳೇ ಬಟ್ಟೆ ಹರಿದು ಮತ್ತೆ ನೂಲು ಮಾಡಿ ನೇಯ್ದ ಪಾಣಿಪತ್‌ನ ಅಗ್ಗದ ಹೊದಿಕೆಗಳು ಊರೂರಿನ ಸಂತೆಗೆ ಬಂದವು. ಮಲೆನಾಡಿನ ಗದ್ದೆಗೆ ಪ್ಲಾಸ್ಟಿಕ್ ಕೊಪ್ಪೆ ಬಂತು. ಕಂಬಳಿಯ ಎರಡು ದೊಡ್ಡ ಗಿರಾಕಿಗಳು, ಚಳಿ ಮತ್ತು ಮಳೆ, ಇಬ್ಬರೂ ಬೇರೆ ಅಂಗಡಿಗೆ ಹೋದರು.

ಹುಲ್ಲೂ ಹೋಯಿತು

ಇದಿಷ್ಟೂ ಮಾರುಕಟ್ಟೆಯ ಮಾತು. ಚಳ್ಳಕೆರೆಯಲ್ಲಿ ಇನ್ನೊಂದು ಅಧ್ಯಾಯ ಇದೆ, ನೆಲದ್ದು.

ಅಮೃತ ಮಹಲ್ ಕಾವಲು ಅಂತ ಕೇಳಿರ್ತೀರಿ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಇಟ್ಟ ಹೆಸರು ಅಮೃತ ಮಹಲ್. ಸೈನ್ಯದ ಗಾಡಿ ಎಳೆಯೋ ರಾಸುಗಳಿಗಾಗಿ ಕಾಯ್ದಿಟ್ಟ ಹುಲ್ಲುಗಾವಲುಗಳೇ ಈ ಕಾವಲುಗಳು. ಕಾಲ ಕಳೆದಂತೆ ಸುತ್ತಲ ಹಳ್ಳಿಗಳ ದನ ಕುರಿಗಳಿಗೂ ಅವೇ ಆಸರೆ. ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿ, ಕುದಾಪುರ ಸುತ್ತಲಿನ ಕಾವಲಿನಲ್ಲಿ 2008ರ ನಂತರದ ವರ್ಷಗಳಲ್ಲಿ ಸಾವಿರಾರು ಎಕರೆ ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೆ ಮಂಜೂರಾಯಿತು. ಗೋಡೆ ಎದ್ದಿತು. ಹಳ್ಳಿಗರು ಪ್ರತಿಭಟಿಸಿದರು, ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿವರೆಗೂ ಹೋಯಿತು, ಯೋಜನೆಗಳು ಉಳಿದವು. 2017ರಲ್ಲಿ ಅಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು.

ದೇಶಕ್ಕೆ ವಿಜ್ಞಾನ ಬೇಡ ಅಂತ ನಾನು ಹೇಳ್ತಿಲ್ಲ. ಹುಲ್ಲುಗಾವಲನ್ನು ನಾವು ಕಡತದಲ್ಲಿ 'ಖಾಲಿ ಜಾಗ' ಅಂತ ಓದ್ತೀವಿ, ಅದು ನನ್ನ ತಕರಾರು. ಉಣ್ಣೆಯನ್ನು ಕಳಪೆ ಅಂದ ಕಣ್ಣೇ ಹುಲ್ಲನ್ನು ಖಾಲಿ ಅಂದಿತು. ಅಜ್ಜ ಗೋಡೆಯ ಕಡೆ ಕೈ ತೋರಿಸಿ ಹೇಳಿದ್ದು ಒಂದೇ ಮಾತು: "ಮೊದ್ಲು ಕುರಿ ಆ ಕಡೆ ಹೋಗವು. ಈಗ ಸುತ್ತಾಕಿ ಹೋಗ್ಬೇಕು, ಆ ಕಡೇನೂ ಹುಲ್ಲಿಲ್ಲ."

ಇದರ ಫಲ ಕುರಿಯ ಮೈಮೇಲೇ ಕಾಣುತ್ತೆ. ಬಹಳ ಮಂದೆಗಳಲ್ಲಿ ಈಗ ಕರಿ ಕುರಿಗಿಂತ ಕೆಂಪು, ಬಿಳಿ ಕುರಿಗಳೇ ಹೆಚ್ಚು. ನೆಲ್ಲೂರು, ಎಳಗ ತಳಿಗಳು. ಅವಕ್ಕೆ ಉಣ್ಣೆ ಇಲ್ಲ, ಬರೀ ಗಿಡ್ಡ ಕೂದಲು. ಕತ್ತರಿಯ ಖರ್ಚಿಲ್ಲ, ಎತ್ತರದ ಆಳು, ಮಾಂಸಕ್ಕೆ ಒಳ್ಳೇ ರೇಟು. ಕುರಿಗಾಹಿಯ ಜಾಗದಲ್ಲಿ ನಾನಿದ್ದರೂ ಅದನ್ನೇ ಆರಿಸ್ತಿದ್ದೆ, ಲೆಕ್ಕ ಅಷ್ಟು ಸರಳ. ಆದರೆ ಆ ಲೆಕ್ಕದ ಕೊನೆ ಸಾಲು ಇದು: ಮಗ್ಗ ನಿಂತರೆ ಮತ್ತೆ ಹೂಡಬಹುದು, ನೂಲೋದು ಮರೆತರೆ ಮತ್ತೆ ಕಲಿಯಬಹುದು. ಶತಮಾನಗಳ ಕಾಲ ಈ ನೆಲಕ್ಕೆ ಪಳಗಿದ ಕರಿ ಕುರಿ ಹೋದರೆ ಮತ್ತೆ ತರೋಕೆ ಆಗಲ್ಲ.

ಸುದ್ದಿ ಎಲ್ಲಾ ಕೆಟ್ಟದ್ದೇ ಅಲ್ಲ. ಡೆಕ್ಕನಿ ಉಣ್ಣೆಯ ಮೇಲೆ ಮಾಡಿದ 'ದೇಸಿ ಊನ್' ಅನ್ನೋ ಕಿರು ಅನಿಮೇಷನ್ ಚಿತ್ರಕ್ಕೆ 2025ರಲ್ಲಿ ಫ್ರಾನ್ಸಿನ ಆನ್ಸಿ ಉತ್ಸವದಲ್ಲಿ ಬಹುಮಾನ ಬಂತು. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷ ಅಂತ ಘೋಷಿಸಿದೆ. ಒರಟು ಉಣ್ಣೆಯಿಂದ ಚಾಪೆ, ಚೀಲ, ನೆಲಹಾಸು ಮಾಡೋ ಪ್ರಯತ್ನಗಳು ಅಲ್ಲಲ್ಲಿ ನಡೀತಿವೆ. ಒರಟುತನವನ್ನು ಬದಲಾಯಿಸೋಕೆ ಹೋಗದೆ, ಒರಟು ಎಳೆಗೆ ಒಪ್ಪೋ ಕೆಲಸ ಹುಡುಕ್ತಿದ್ದಾರೆ. ಕಬ್ಬನ್ ಕಾಲದಿಂದ ಕೇಳದೇ ಉಳಿದಿದ್ದ ಪ್ರಶ್ನೆ ಇದು.

ಆದರೂ ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ನಗರದ ನಾವು ನಾಲ್ಕು ಜನ ಕಂಬಳಿ ಕೊಂಡರೆ ಕುರಿ ಉಳಿಯಲ್ಲ. ಕತ್ತರಿಸೋ ಕೂಲಿಯಾದರೂ ಉಣ್ಣೆಯಿಂದ ಹುಟ್ಟಬೇಕು, ಅದಕ್ಕೆ ಸರ್ಕಾರದ ಹಾಸ್ಟೆಲ್ಲು ಆಸ್ಪತ್ರೆಗಳಂಥ ದೊಡ್ಡ, ಕಾಯಂ ಗಿರಾಕಿ ಬೇಕು. ಮೇಯೋಕೆ ನೆಲ ಉಳಿಯಬೇಕು. ಇವೆರಡೂ ವೇದಿಕೆ ಮೇಲಿರೋರ ಕೈಯಲ್ಲಿವೆ. ಮುಂದಿನ ಸಲ ನಿಮ್ಮೂರಿನ ಸಭೆಯಲ್ಲಿ ಯಾರ ಹೆಗಲಿಗಾದರೂ ಕರಿ ಕಂಬಳಿ ಬಿದ್ದರೆ, ಚಪ್ಪಾಳೆ ಆದಮೇಲೆ ಒಂದು ಪ್ರಶ್ನೆ ಕೇಳಿ: ಸಾರ್, ಈ ಕುರಿ ಎಲ್ಲಿ ಮೇಯಬೇಕು?

ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಕಂಬಳಿ ಇದ್ದರೆ, ಅದರ ಕಥೆ ಗೊತ್ತಿದ್ದರೆ, ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಕಂತಿನಲ್ಲಿ ಕೇಳಿಸ್ತೀನಿ.