ಬೆಳೆದ ನಗರ, ಬತ್ತಿದ ಬಾವಿ

ಗುರುವರ್ಯರ ನಾಮಾವಳಿ, ಗಂಟೆಗೋಪುರ, ಬಲಿಪೀಠ ಇವುಗಳ ವಿವರಗಳು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿರುವುದರಿಂದ ನಾವು ದೇವಾಲಯದ ಗೋಡೆಯ ಹೊರಗೆ ದೃಷ್ಟಿ ಹಾಯಿಸಲು ಬಯಸಿದೆವು. ಧರ್ಮಕೇಂದ್ರವೆಂಬುದು ಜನರಿಂದಾದದ್ದು. ಆ ಜನರು ಎಲ್ಲಿಂದ ಬಂದರು, ಯಾವ ನೀರನ್ನು ಕುಡಿದರು ಎಂಬುದೂ ಅದರ ಚರಿತ್ರೆಯೇ ಆಗಿದೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಮಾರಿ ಕಾಲಿಟ್ಟಿತು. 1891ರಲ್ಲಿ ಪೇಟೆ ಮತ್ತು ದಂಡು ಎರಡೂ ಸೇರಿ 1.80 ಲಕ್ಷದಷ್ಟಿದ್ದ ಜನಸಂಖ್ಯೆ 1901ರ ವೇಳೆಗೆ 1.59 ಲಕ್ಷಕ್ಕೆ ಇಳಿಯಿತು. ಇಕ್ಕಟ್ಟಾದ ಓಣಿಗಳೇ ರೋಗಕ್ಕೆ ಆಸರೆಯೆಂದು ಮನಗಂಡ ಆಡಳಿತವು ಬಸವನಗುಡಿ, ಮಲ್ಲೇಶ್ವರಗಳನ್ನು ಅಗಲವಾದ ಬೀದಿಗಳೊಡನೆ ನಿರ್ಮಿಸಿತು. 1921ರಲ್ಲಿ 2.37 ಲಕ್ಷ, 1941ರಲ್ಲಿ 4.07 ಲಕ್ಷ ಜನರಿದ್ದರು. ಮುಂದಿನ ಹತ್ತೇ ವರ್ಷಗಳಲ್ಲಿ ಅದು 7.79 ಲಕ್ಷವಾಯಿತು! 1940ರಲ್ಲಿ ಆರಂಭವಾದ ವಿಮಾನ ಕಾರ್ಖಾನೆ, ಯುದ್ಧಕಾಲದ ಉದ್ಯೋಗಗಳು, 1948ರ ದೂರವಾಣಿ ಕಾರ್ಖಾನೆ ಇವೆಲ್ಲ ಜನರನ್ನು ಸೆಳೆದವು. ಕ್ರೈಸ್ತ ಕುಟುಂಬಗಳೂ ಆ ಪ್ರವಾಹದಲ್ಲಿ ಬಂದು ನೆಲೆಸಿದವು. ನಮ್ಮ ಮೇತ್ರಾಸನವು 1940ರಲ್ಲಿ ಸ್ಥಾಪಿತವಾಗಿ 1953ರಲ್ಲಿ ಮಹಾಮೇತ್ರಾಸನವಾದದ್ದೂ ಈ ಬೆಳವಣಿಗೆಯ ಕಾಲದಲ್ಲಿಯೇ. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 84 ಲಕ್ಷವನ್ನು ದಾಟಿತ್ತು.

ಇಷ್ಟು ಜನರ ಬಾಯಾರಿಕೆ ತಣಿದದ್ದು ಹೇಗೆ? ಬೆಂಗಳೂರಿನ ಪಕ್ಕದಲ್ಲಿ ದೊಡ್ಡ ನದಿಯಿಲ್ಲ. ಆದುದರಿಂದಲೇ ಹಿಂದಿನವರು ಕಣಿವೆಯುದ್ದಕ್ಕೂ ಸರಪಳಿಯಂತೆ ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ ಹರಿಯುತ್ತಿತ್ತು. ಕೆರೆಯಲ್ಲಿ ನಿಂತ ನೀರು ನೆಲಕ್ಕಿಳಿದು ಸುತ್ತಲಿನ ಬಾವಿಗಳನ್ನು ತುಂಬುತ್ತಿತ್ತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿಯ ನೀರು ಬಂದಿತು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ, ಅದೂ ಸಾಲದೆ 1974ರಲ್ಲಿ ಕಾವೇರಿ. ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ವಿದ್ಯುತ್ ಪಂಪುಗಳಿಂದ ಏರಿಸಿ ತಂದ ನೀರದು. ನಲ್ಲಿ ಮನೆಯೊಳಕ್ಕೆ ಬಂದೊಡನೆ ಕೆರೆಯು ಕಣ್ಣಿಗೆ ಬರಿಯ ಖಾಲಿ ನಿವೇಶನವಾಗಿ ಕಂಡಿತು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಶೂಲೆ ಕೆರೆಯಲ್ಲಿ ಫುಟ್‌ಬಾಲ್ ಕ್ರೀಡಾಂಗಣವೆದ್ದಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದ್ದು, ಕರಗದ ಶಾಸ್ತ್ರಕ್ಕೆಂದು ಒಂದು ಚಿಕ್ಕ ಕೊಳ ಮಾತ್ರ ಉಳಿದಿದೆ. ಹಿಂದೂ ಬಾಂಧವರ ಆ ಹಬ್ಬವಿಲ್ಲದಿದ್ದರೆ ಅದೂ ಉಳಿಯುತ್ತಿತ್ತೋ ಇಲ್ಲವೋ!

ಉಳಿದ ಕೆರೆಗಳಿಗೆ ಮಳೆನೀರಿನ ಬದಲು ಚರಂಡಿ ನೀರು ಹರಿಯಿತು. 2017ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿಯೇ ಹೊತ್ತಿಕೊಂಡಿತು. 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ಮುಂದೆ ಬಿಂದಿಗೆಗಳ ಸಾಲು ನಿಂತದ್ದನ್ನು ಈ ಸಂಚಿಕೆಯ ವಾಚಕರು ಮರೆತಿರಲಾರರು. ಅದೇ ವರ್ಷದ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಐದನೆಯ ಹಂತವು ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರು ನೀರನ್ನು ಒದಗಿಸಲೆಂದು ರೂಪಿತವಾದದ್ದು.

ಹೊರಗಿನಿಂದ ಬಂದವರೇ ಇದಕ್ಕೆಲ್ಲ ಕಾರಣರೆಂಬ ಮಾತನ್ನು ನಾವು ಚರ್ಚಿನ ಮೆಟ್ಟಿಲ ಮೇಲೆಯೇ ಕೇಳಿದ್ದೇವೆ. ಹಾಗೆನ್ನುವವರ ಅಜ್ಜಂದಿರ ಹೆಸರನ್ನು ನಮ್ಮ ಜ್ಞಾನಸ್ನಾನದ ದಾಖಲೆಯಲ್ಲಿ ಹುಡುಕಿದರೆ, ಅವರೂ ಬೇರೆ ಊರಿನಿಂದ ಕೂಲಿಗೆ ಬಂದವರೇ. ಇಂದು ಕಟ್ಟಡ ಕೆಲಸಕ್ಕಾಗಿ ಜಾರ್ಖಂಡ್, ಒಡಿಶಾಗಳಿಂದ ಬಂದು ಭಾನುವಾರದ ಬಲಿಪೂಜೆಯಲ್ಲಿ ಹಿಂದಿನ ಬಾಗಿಲ ಬಳಿ ನಿಲ್ಲುವ ತರುಣರು ತಗಡಿನ ಶೆಡ್ಡುಗಳಲ್ಲಿದ್ದಾರೆ. ಅವರು ಬಳಸುವ ನೀರೆಷ್ಟು? 2015ರಲ್ಲಿ ಪೋಪ್ ಫ್ರಾನ್ಸಿಸ್‌ರವರು ಹೊರಡಿಸಿದ 'ಲೌದಾತೊ ಸಿ' ವಿಶ್ವಪತ್ರವು ಅಂಕೆ ಮೀರಿ ಬೆಳೆದ ನಗರಗಳ ಅನಾರೋಗ್ಯವನ್ನು ಕುರಿತು ಹೇಳುತ್ತಲೇ, ಕೆಲವರ ಅತಿಭೋಗವನ್ನು ಮರೆಮಾಚಿ ಜನಸಂಖ್ಯೆಯೊಂದನ್ನೇ ದೂರುವುದು ತಪ್ಪೆಂದು ಸ್ಪಷ್ಟಪಡಿಸುತ್ತದೆ. ಶುದ್ಧ ಕುಡಿಯುವ ನೀರು ಮಾನವನ ಮೂಲಭೂತ ಹಕ್ಕೆಂಬುದೂ ಅದರಲ್ಲಿದೆ.

ಇಷ್ಟು ಬರೆದ ಮೇಲೆ ನಮ್ಮ ವಿಷಯವನ್ನು ಮುಚ್ಚಿಡುವುದು ನ್ಯಾಯವಲ್ಲ. ನಮ್ಮ ದೇವಾಲಯದ ಅಂಗಳದಲ್ಲಿಯೂ ಕಲ್ಲುಕಟ್ಟಡದ ಬಾವಿಯೊಂದಿತ್ತು. ಸುತ್ತಣ ಬೀದಿಯವರು ಜಾತಿಮತಭೇದವಿಲ್ಲದೆ ಅಲ್ಲಿ ನೀರು ಸೇದುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಹತ್ತಿರದ ಕೆರೆ ಬಡಾವಣೆಯಾದ ಮೇಲೆ ನೀರು ವರ್ಷವರ್ಷವೂ ಕೆಳಗಿಳಿಯಿತು. ಮದುವೆಗಳಿಗೆ ಸಭಾಭವನ ಬೇಕೆಂದು ಎಲ್ಲರೂ ಒತ್ತಾಯಿಸಿದಾಗ ಬಾವಿಯನ್ನು ಮಣ್ಣಿನಿಂದ ತುಂಬಿಸಿದೆವು. ಆ ಗೊತ್ತುವಳಿಗೆ ನಾವೂ ಸಹಿ ಹಾಕಿದ್ದೇವೆ. ಅದನ್ನು ವಿರೋಧಿಸಿದ್ದು ಒಬ್ಬ ವೃದ್ಧೆ ಮಾತ್ರ. "ಸ್ವಾಮಿ, ಬಾವಿ ಮುಚ್ಚಬಾರದು" ಎಂದು ಆಕೆ ಎರಡು ಸಲ ಬಂದು ಹೇಳಿದರು. ನಾವು ನಸುನಕ್ಕು ಕಳುಹಿಸಿದೆವು.

2024ರ ತಪಸ್ಸುಕಾಲದಲ್ಲಿ ಅದೇ ಸಭಾಭವನದ ಮುಂದೆ ಟ್ಯಾಂಕರಿಗಾಗಿ ಕಾಯುತ್ತಿದ್ದಾಗ ಆಕೆಯ ನೆನಪಾಯಿತು. ಈಗ ಸಭಾಭವನದ ಮಾಳಿಗೆಯ ಮಳೆನೀರನ್ನು ಇಂಗುಗುಂಡಿಗೆ ಇಳಿಸಿದ್ದೇವೆ. ಬಾವಿಕಟ್ಟೆಯ ಕಲ್ಲುಗಳಲ್ಲಿ ಎರಡು ಸಮಾಧಿಭೂಮಿಯ ಬಾಗಿಲಲ್ಲಿ ಮೆಟ್ಟಿಲಾಗಿವೆ. ಹಗ್ಗ ಉಜ್ಜಿದ ಗುರುತು ಅವುಗಳ ಮೇಲೆ ಇನ್ನೂ ಕಾಣುತ್ತದೆ.