ಎಂಟು ಅಕ್ಷರಗಳ ವಿಳಾಸ

ಮಕ್ಕಳೇ, ಊರಿನಲ್ಲಿರುವ ಅಜ್ಜಿಯ ಖಾತೆಗೆ ಬ್ಯಾಂಕಿನ ಮೂಲಕ ಹಣ ಕಳಿಸುವಾಗ ಅಪ್ಪ ಅಮ್ಮ ‘ಸ್ವಿಫ್ಟ್ ಕೋಡ್ ಎಲ್ಲಿ?’ ಎಂದು ಹುಡುಕುವುದನ್ನು ನೀವು ನೋಡಿರಬಹುದು. ಬಿಐಸಿ ಎಂದೂ ಕರೆಯುವ ಈ ಪುಟ್ಟ ಸಂಕೇತಕ್ಕೂ ಒಂದು ಇತಿಹಾಸವಿದೆ.

ಸುಮಾರು ಐವತ್ತು ವರ್ಷಗಳ ಹಿಂದೆ ದೇಶದಿಂದ ದೇಶಕ್ಕೆ ಹಣ ಕಳಿಸುವ ಸೂಚನೆ ಟೆಲೆಕ್ಸ್ ಯಂತ್ರದಲ್ಲಿ ಹೋಗುತ್ತಿತ್ತು. ಯಾರಿಗೆ, ಎಷ್ಟು, ಯಾವ ಬ್ಯಾಂಕಿಗೆ ಎಂಬುದನ್ನೆಲ್ಲ ಗುಮಾಸ್ತರು ವಾಕ್ಯಗಳಲ್ಲಿ ಟೈಪ್ ಮಾಡುತ್ತಿದ್ದರು. ಒಬ್ಬೊಬ್ಬರು ಬರೆಯುವ ರೀತಿ ಒಂದೊಂದು. ಸಂದೇಶ ಅಸಲಿಯೇ ಎಂದು ತಿಳಿಯಲು ಗುಪ್ತ ಸಂಖ್ಯೆಯ ಲೆಕ್ಕವನ್ನೂ ಹಾಕಬೇಕಿತ್ತು. ಕೆಲಸ ನಿಧಾನ, ತಪ್ಪುಗಳೂ ಹೆಚ್ಚು.

ಇದಕ್ಕೆ ಪರಿಹಾರವಾಗಿ 1973ರಲ್ಲಿ 15 ದೇಶಗಳ 239 ಬ್ಯಾಂಕುಗಳು ಸೇರಿ ಬೆಲ್ಜಿಯಂನಲ್ಲಿ ‘ಸ್ವಿಫ್ಟ್’ ಎಂಬ ಸಹಕಾರಿ ಸಂಸ್ಥೆಯನ್ನು ಕಟ್ಟಿದವು. 1977ರಲ್ಲಿ ಅದರ ಜಾಲ ಕೆಲಸ ಶುರು ಮಾಡಿತು. ಎಲ್ಲರಿಗೂ ಒಂದೇ ನಮೂನೆಯ ಸಂದೇಶ, ಪ್ರತಿ ಬ್ಯಾಂಕಿಗೂ ಒಂದು ಸಂಕೇತ. ಆದರೆ ಈ ಜಾಲದಲ್ಲಿ ಹಣ ಹೋಗುವುದಿಲ್ಲ, ಸಂದೇಶ ಮಾತ್ರ ಹೋಗುತ್ತದೆ. ಹಣದ ಲೆಕ್ಕ ಬ್ಯಾಂಕುಗಳು ಪರಸ್ಪರ ಇಟ್ಟುಕೊಂಡಿರುವ ಖಾತೆಗಳಲ್ಲಿ ಚುಕ್ತಾ ಆಗುತ್ತದೆ.

1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನ ಸಂಕೇತ ನೋಡಿ: ಸಿಎನ್‌ಆರ್‌ಬಿ-ಐಎನ್-ಬಿಬಿ. ಮೊದಲ ನಾಲ್ಕು ಅಕ್ಷರ ಬ್ಯಾಂಕು, ಮುಂದಿನ ಎರಡು ದೇಶ, ಕೊನೆಯ ಎರಡು ಸ್ಥಳ. ಶಾಖೆಗೆಂದು ಇನ್ನೂ ಮೂರು ಸೇರಿದರೆ ಹನ್ನೊಂದು. ಭಾರತದೊಳಗೆ ಬಳಸುವ ಐಎಫ್‌ಎಸ್‌ಸಿ ಕೋಡಿನಲ್ಲೂ ಹನ್ನೊಂದೇ ಸ್ಥಾನಗಳು; ಈ ಬ್ಯಾಂಕಿನದು ಶುರುವಾಗುವುದೂ ಸಿಎನ್‌ಆರ್‌ಬಿ ಎಂದೇ. ಆದರೆ ಐದನೆಯ ಸ್ಥಾನದಲ್ಲಿ ಸೊನ್ನೆ ಇರುತ್ತದೆ. ಗುರುತಿಸಲು ಅಷ್ಟು ಸಾಕು.

ಸಂಕೇತ ಬಂದ ಮೇಲೆ ತೊಂದರೆಯೇ ಇಲ್ಲವೇ? 2016ರ ಫೆಬ್ರವರಿಯಲ್ಲಿ ಕಳ್ಳರು ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಕಂಪ್ಯೂಟರುಗಳೊಳಗೆ ನುಸುಳಿ, ಅದರ ಹೆಸರಿನಲ್ಲೇ ನ್ಯೂಯಾರ್ಕಿಗೆ ಸ್ವಿಫ್ಟ್ ಸಂದೇಶಗಳನ್ನು ಕಳಿಸಿದರು. 8.1 ಕೋಟಿ ಡಾಲರ್ ಫಿಲಿಪ್ಪೀನ್ಸಿಗೆ ಹೋಯಿತು. ಶ್ರೀಲಂಕಾಕ್ಕೆ ಹೊರಟಿದ್ದ 2 ಕೋಟಿ ಡಾಲರ್ ಉಳಿಯಿತು. ಹೇಗೆ ಗೊತ್ತೇ? ಕಳ್ಳರು ‘ಫೌಂಡೇಶನ್’ ಪದದ ಸ್ಪೆಲ್ಲಿಂಗ್ ತಪ್ಪು ಬರೆದಿದ್ದರು. ಅದನ್ನು ಕಂಡು ಅನುಮಾನಗೊಂಡ ಬ್ಯಾಂಕಿನವರು ಹಣ ತಡೆದರು.

ಸಂದೇಶವನ್ನು ಸರಿಯಾದ ಬ್ಯಾಂಕಿಗೆ ಮುಟ್ಟಿಸುವುದು ಸಂಕೇತದ ಕೆಲಸ. ಅದರಲ್ಲಿ ಬರೆದದ್ದು ಸರಿಯೇ ಎಂದು ನೋಡುವುದು ಇಂದಿಗೂ ಮನುಷ್ಯರ ಕೆಲಸವೇ. ಮುಂದಿನ ಸಲ ಅಜ್ಜಿಗೆ ಹಣ ಕಳಿಸುವಾಗ ಪಕ್ಕದಲ್ಲಿ ಕುಳಿತು ಒಂದೊಂದೇ ಅಕ್ಷರ ಓದಿ ಹೇಳಿ.